ಕರಾವಳಿಯಲ್ಲಿ ‘ಶಕ್ತಿ’: ಶೂನ್ಯ ಟಿಕೆಟ್ಟಿನಿಂದ ಸಮಾನತೆ ಬಂದೀತೇ?

ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಆರಂಭವಾದಾಗಿನಿಂದ ಅದರ ಬಗ್ಗೆ ಪ್ರಕಟವಾದ ಹೊಗಳಿಕೆ ಮತ್ತು ತೆಗಳಿಕೆಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಬಸ್ಸುಗಳನ್ನು ಕಂಡವರವು. ಮಂಗಳೂರಿನಲ್ಲಿ ನೆಲೆಸಿ, ಕೆಲಸಕ್ಕಾಗಿ ಪುತ್ತೂರಿಗೂ ಉಡುಪಿಗೂ ಓಡಾಡುವ ನನ್ನಂಥವಳ ಅಭಿಪ್ರಾಯ ತುಸು ಬೇರೆ. ಒಂದು ದಿಕ್ಕಿಗೆ ಹೊರಟಾಗ ಇದು ರಾಜ್ಯದಲ್ಲಿ ಈಚೆಗೆ ಬಂದ ಅತ್ಯುತ್ತಮ ಸೇವೆಗಳಲ್ಲಿ ಒಂದೆನಿಸುತ್ತದೆ; ಇನ್ನೊಂದು ದಿಕ್ಕಿಗೆ ಹೊರಟಾಗ ಇಂಥದೊಂದು ಯೋಜನೆ ಇದೆಯೆಂಬುದೇ ನೆನಪಿಗೆ ಬರುವುದಿಲ್ಲ. ಸ್ತ್ರೀವಾದ ನಿಜಕ್ಕೂ ಸಮಾನತೆಯನ್ನು ತರುತ್ತದೆಯೋ, ಅಥವಾ ಹೆಂಗಸರಿಗೆ ಮಾತ್ರ ಒಂದು ಲಾಭವನ್ನು ಕೊಟ್ಟು ಸುಮ್ಮನಾಗುತ್ತದೆಯೋ ಎಂಬ ಹಳೆಯ ವಾದವನ್ನು ಪುಸ್ತಕದ ಹೊರಗೆ ಪರೀಕ್ಷಿಸಿ ನೋಡಲು ನಮ್ಮ ಊರಿನ ಬಸ್ ನಿಲ್ದಾಣಗಳಿಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಮೊದಲು ಸೇವೆಯ ಸ್ವರೂಪ. ಕರ್ನಾಟಕದ ನಿವಾಸಿಗಳಾದ ಎಲ್ಲ ಮಹಿಳೆಯರು, ಹೆಣ್ಣುಮಕ್ಕಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸರ್ಕಾರದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಸಂಚರಿಸಬಹುದು. ರಾಜಹಂಸ, ಐರಾವತ, ಸ್ಲೀಪರ್ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅಂತರರಾಜ್ಯ ಬಸ್ಸುಗಳೂ ಇದರ ವ್ಯಾಪ್ತಿಯಿಂದ ಹೊರಗಿರುವುದರಿಂದ ಕಾಸರಗೋಡಿಗೆ ಹೋಗುವವರು ದುಡ್ಡು ಕೊಟ್ಟೇ ಹೋಗಬೇಕು. ನಿರ್ವಾಹಕರು ವಿಳಾಸವಿರುವ ಗುರುತಿನ ಚೀಟಿ ನೋಡಿ, ಯಂತ್ರದಿಂದ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟಿನ ನಿಜವಾದ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಮಂಗಳೂರಿನ ಬಿಜೈಯಲ್ಲಿರುವ ಸರ್ಕಾರಿ ಬಸ್ ನಿಲ್ದಾಣದಿಂದ ಬಿ.ಸಿ.ರೋಡ್, ಕಲ್ಲಡ್ಕ ದಾಟಿ ಪುತ್ತೂರು, ಉಪ್ಪಿನಂಗಡಿ, ಸುಬ್ರಹ್ಮಣ್ಯದ ಕಡೆಗೆ, ಅಥವಾ ಬೆಳ್ತಂಗಡಿ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಡುವ ಕೆಂಪು ಬಸ್ಸುಗಳಲ್ಲಿ ಈ ಸೇವೆ ಹೇಗಿರಬೇಕೋ ಹಾಗಿದೆ. “ಅಕ್ಕ, ಆಧಾರ್ ಉಂಟಾ?” ಎಂಬ ಪ್ರಶ್ನೆಯಲ್ಲಿ ಈಗ ಅನುಮಾನವೂ ಇಲ್ಲ, ಅಸಡ್ಡೆಯೂ ಇಲ್ಲ; ದಿನಬಳಕೆಯ ಮಾತಾಗಿ ಹೋಗಿದೆ. ಒಮ್ಮೆ ನನ್ನ ಪಕ್ಕದಲ್ಲಿ ಕುಳಿತಿದ್ದ ಕಲ್ಲಡ್ಕದ ಹಿರಿಯ ಹೆಂಗಸೊಬ್ಬರು ಪ್ಲಾಸ್ಟಿಕ್ ಲಕೋಟೆಯಿಂದ ಕಾರ್ಡು ತೆಗೆದು ತೋರಿಸಿದರು. ಕೈಗೆ ಬಂದ ಶೂನ್ಯ ಟಿಕೆಟ್ಟನ್ನು ನಾಲ್ಕಾಗಿ ಮಡಚಿ ಅದೇ ಲಕೋಟೆಯೊಳಗೆ ಇಟ್ಟುಕೊಂಡರು. ಬೀಡಿ ಕಟ್ಟಿ ಬೆರಳ ತುದಿ ಗಡುಸಾಗಿತ್ತು. ಸೊಸೆಯ ಹೆರಿಗೆಗೆಂದು ಲೇಡಿಗೋಷನ್ ಆಸ್ಪತ್ರೆಗೆ ಬಂದವರು, ಅನ್ನ ಮತ್ತು ಬಟ್ಟೆಗಾಗಿ ದಿನಾ ಮನೆಗೆ ಹೋಗಿ ಬರುತ್ತಿದ್ದರು. ಮೊದಲೆಲ್ಲ ಇಂಥ ಸಂದರ್ಭದಲ್ಲಿ ಮಗನ ಹತ್ತಿರ ಬಸ್ಸಿನ ದುಡ್ಡು ಕೇಳಬೇಕಿತ್ತು, ಕೇಳಿದಾಗ ಲೆಕ್ಕವನ್ನೂ ಹೇಳಬೇಕಿತ್ತು ಎಂದು ಅವರು ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು. ಉಳಿದ ಹಣಕ್ಕಿಂತಲೂ, ಕೇಳಬೇಕಾದ ಆ ಸಂದರ್ಭವೇ ಇಲ್ಲವಾದದ್ದು ಈ ಸೇವೆಯ ದೊಡ್ಡ ಸಾಧನೆ ಎಂದು ನನ್ನ ಅಭಿಪ್ರಾಯ.

ಇದೇ ಬಸ್ಸಿನಲ್ಲಿ ಗಂಡಸರ ಬಾಯಲ್ಲಿ ಕೇಳಿಬರುವ ಮಾತೂ ಒಂದಿದೆ: ಸಮಾನತೆ ಬೇಕೆನ್ನುವವರು ಟಿಕೆಟ್ ವಿಷಯದಲ್ಲಿ ಮಾತ್ರ ಸಮಾನರಾಗಲು ಒಪ್ಪುವುದಿಲ್ಲವಲ್ಲ? ತಮಾಷೆಗೆ ಹೇಳಿದರೂ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸಂವಿಧಾನದ 15ನೆಯ ವಿಧಿ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದೆನ್ನುತ್ತದೆ. ಅದೇ ವಿಧಿಯ ಮೂರನೆಯ ಉಪವಿಧಿ, ಮಹಿಳೆಯರಿಗಾಗಿ ಮತ್ತು ಮಕ್ಕಳಿಗಾಗಿ ವಿಶೇಷ ಏರ್ಪಾಡು ಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲವೆನ್ನುತ್ತದೆ. ಎರಡೂ ಒಟ್ಟಿಗೆ ಇರಲು ಕಾರಣವೇನೆಂಬುದು ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿದರೆ ತಿಳಿಯುತ್ತದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ, ಅಂಥ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಐದು ಗಂಟೆ ಪುಕ್ಕಟೆಯಾಗಿ ದುಡಿದವಳಿಗೂ ಆ ಹೊತ್ತಿನಲ್ಲಿ ಹೊರಗೆ ಸಂಪಾದಿಸಿದವನಿಗೂ ಒಂದೇ ದರದ ಟಿಕೆಟ್ ಕೊಟ್ಟರೆ ಅದು ನೋಡಲು ಸಮಾನ, ಅಷ್ಟೇ. ಈ ಮಟ್ಟಿಗೆ ಸ್ತ್ರೀವಾದಿಗಳ ವಾದ ಸರಿಯೆಂದೇ ನಾನು ಒಪ್ಪುತ್ತೇನೆ.

ಆದರೆ ಆ ವಾದ ಉತ್ತರಿಸಲಾಗದ ಜಾಗಗಳೂ ಇದೇ ಬಸ್ಸಿನಲ್ಲಿವೆ. ತಿಂಗಳ ಸಂಬಳ ಬರುವ ನನಗೆ ಶೂನ್ಯ ಟಿಕೆಟ್ ಸಿಗುತ್ತದೆ. ಬಂದರಿನಲ್ಲಿ ಮೂಟೆ ಹೊತ್ತು ಮನೆಗೆ ಹೊರಟ ಕೂಲಿಯಾಳು, 2025ರ ಜನವರಿಯಲ್ಲಿ ಶೇಕಡ 15ರಷ್ಟು ಏರಿದ ದರವನ್ನು ಕೊಟ್ಟು ಪ್ರಯಾಣಿಸುತ್ತಾನೆ. ಬಸ್ಸಿನ ಬಾಗಿಲಲ್ಲಿ ಆದಾಯ ಪ್ರಮಾಣಪತ್ರ ಕೇಳುತ್ತ ನಿಲ್ಲುವುದಕ್ಕಿಂತ ಎಲ್ಲ ಹೆಂಗಸರಿಗೂ ಕೊಡುವುದೇ ಮೇಲು ಎಂಬ ಸಮರ್ಥನೆಯನ್ನು ಒಪ್ಪಬಹುದು. ಒಂದೇ ಮನೆಯಿಂದ ಒಂದೇ ಕಾಲೇಜಿಗೆ ಹೋಗುವ ಅಕ್ಕ ಮತ್ತು ತಮ್ಮನ ವಿಷಯದಲ್ಲಿ ಮಾತ್ರ ಅದು ಸಾಲದು. ಅಕ್ಕನಿಗೆ ಈಗ ಪಾಸಿನ ಅಗತ್ಯವೇ ಇಲ್ಲ. ತಮ್ಮ ರಿಯಾಯಿತಿ ಪಾಸಿಗಾಗಿ ಅರ್ಜಿ ಹಾಕಿ ದುಡ್ಡು ಕಟ್ಟಬೇಕು. ಇಬ್ಬರೂ ಸಂಪಾದಿಸುವವರಲ್ಲ, ಇಬ್ಬರ ಖರ್ಚೂ ತಾಯಿ ಕಟ್ಟಿದ ಬೀಡಿಯ ಮಜೂರಿಯಿಂದಲೇ ಬರಬೇಕು. ವಿದ್ಯಾರ್ಥಿಗಳ ಮಟ್ಟಿಗಾದರೂ ಗಂಡುಮಕ್ಕಳನ್ನೂ ಸೇರಿಸಿಕೊಳ್ಳುವುದು ನ್ಯಾಯ, ಮತ್ತು ಇದನ್ನು ಹೇಳುವುದರಿಂದ ಸ್ತ್ರೀವಾದಕ್ಕೆ ಯಾವ ನಷ್ಟವೂ ಇಲ್ಲ. ಅಂದಹಾಗೆ, ಇಂಥ ಬಸ್ಸುಗಳಲ್ಲಿ ಅರ್ಧದಷ್ಟು ಆಸನ ಪುರುಷರಿಗೆ ಮೀಸಲು ಎಂಬ ನಿಯಮವೂ ಯೋಜನೆಯ ಆದೇಶದಲ್ಲೇ ಇದೆ. ಟಿಕೆಟ್ ಕೊಂಡವನು ಧರ್ಮಸ್ಥಳದವರೆಗೂ ನಿಂತುಕೊಂಡೇ ಹೋಗಬಾರದಲ್ಲ. ಆ ನಿಯಮ ಇರಬೇಕಾದದ್ದೇ.

ಇನ್ನು ಸೇವೆಯ ಬಹುದೊಡ್ಡ ಕೊರತೆ. ಅದು ಹೆಣ್ಣು ಗಂಡಿನ ನಡುವಿನದಲ್ಲ, ಹೆಂಗಸರ ಹೆಂಗಸರ ನಡುವಿನದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸಿಟಿ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ವಿಷಯ ತಾನಾಗಿ ಅರ್ಥವಾಗುತ್ತದೆ: ಸುರತ್ಕಲ್, ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆ, ಕಂಕನಾಡಿ ಎಂದು ಕೂಗುತ್ತ ಒಂದರ ಹಿಂದೊಂದು ಹೊರಡುವ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಉಡುಪಿಯ ಸಿಟಿ ಮತ್ತು ಸರ್ವಿಸ್ ಬಸ್ ನಿಲ್ದಾಣಗಳಲ್ಲೂ ಹಾಗೆಯೇ. ಮಣಿಪಾಲ, ಮಲ್ಪೆ, ಕಾಪು, ಬ್ರಹ್ಮಾವರ, ಯಾವ ಕಡೆಗೆ ಹೋಗುವುದಿದ್ದರೂ ಮೊದಲು ಬರುವುದು ಖಾಸಗಿ ಬಸ್ಸೇ. ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆಯಾದ ನರ್ಮ್‌ನಲ್ಲಿ ಬಂದ ಸರ್ಕಾರಿ ನಗರ ಬಸ್ಸುಗಳಿದ್ದರೂ ಈ ಸಾಲಿನಲ್ಲಿ ಅವು ಅಲ್ಲೊಂದು ಇಲ್ಲೊಂದು. ಮಂಗಳೂರಿನಿಂದ ಉಡುಪಿಗೆ ನಿಮಿಷಗಳ ಅಂತರದಲ್ಲಿ ಓಡುವ ಎಕ್ಸ್‌ಪ್ರೆಸ್ಸುಗಳ ಕಥೆಯೂ ಇದೇ, ಮತ್ತು ಆ ದಾರಿಯ ಸರ್ಕಾರಿ ಹವಾನಿಯಂತ್ರಿತ ಬಸ್ಸು ಯೋಜನೆಗೆ ಒಳಪಡುವುದಿಲ್ಲ. ಹೀಗಾಗಿ ಸುಳ್ಯದಿಂದ ಮಂಗಳೂರಿಗೆ ಬರುವ ಗೃಹಿಣಿಗೆ ದೂರದ ಪ್ರಯಾಣ ಪುಕ್ಕಟೆ. ಮುಂಜಾನೆ ಮಲ್ಪೆಯಿಂದ ಮೀನು ಹೊತ್ತುಕೊಂಡು ಉಡುಪಿಯ ಪೇಟೆಗೆ ಬರುವ ಮೊಗವೀರ ಹೆಂಗಸಿಗೂ, ದೇರಳಕಟ್ಟೆಯ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ದಾದಿಗೂ ನಾಲ್ಕಾರು ಕಿಲೋಮೀಟರಿಗೂ ದುಡ್ಡು. ತೆರಿಗೆ ಕಟ್ಟುವವರು ಎಲ್ಲರೂ, ಗುರುತಿನ ಚೀಟಿಯಲ್ಲಿರುವ ರಾಜ್ಯದ ಹೆಸರೂ ಒಂದೇ.

ಖಾಸಗಿ ಬಸ್ಸುಗಳನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಸರ್ಕಾರ ಕಾಲಿಡದ ಒಳದಾರಿಗಳಲ್ಲಿ ದಶಕಗಳಿಂದ ಬಸ್ಸು ಓಡಿಸಿದವರು ಇವರೇ, ಮತ್ತು ಕೈ ತೋರಿಸಿದಲ್ಲಿ ನಿಲ್ಲಿಸುವ ಔದಾರ್ಯವೂ ಬಹುಮಟ್ಟಿಗೆ ಇವರದೇ. ಹೊಸ ಮಾರ್ಗದಲ್ಲಿ ಸರ್ಕಾರಿ ಬಸ್ಸು ಓಡಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಪರವಾನಗಿ ಬೇಕು. ಅದಾಗಲೇ ಆ ದಾರಿಯಲ್ಲಿರುವ ಮಾಲೀಕರು ಸಮಯದ ವಿಷಯದಲ್ಲಿ ಆಕ್ಷೇಪ ಎತ್ತುತ್ತಾರೆ, ವ್ಯಾಜ್ಯ ಮೇಲ್ಮನವಿ ನ್ಯಾಯಮಂಡಳಿಯವರೆಗೂ ಹೋಗುತ್ತದೆ. ಎರಡು ನಿಮಿಷದ ಟೈಮಿಂಗಿಗಾಗಿ ನಡುರಸ್ತೆಯಲ್ಲೇ ಜಗಳವಾಡುವ ನಮ್ಮ ಊರಿನ ಬಸ್ಸಿನವರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಇನ್ನೊಂದು ದಾರಿಯೆಂದರೆ ಖಾಸಗಿ ಬಸ್ಸಿನ ಶೂನ್ಯ ಟಿಕೆಟ್ಟಿಗೂ ಸರ್ಕಾರವೇ ಹಣ ತುಂಬುವುದು. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರು ಬಂದ್ ನಡೆಸಿದಾಗ ಅವರ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಲೆಕ್ಕಪತ್ರ ಸರಿಯಾಗಿಡುವ, ಯಂತ್ರದಿಂದಲೇ ಟಿಕೆಟ್ ಕೊಡುವ ಬಸ್ಸುಗಳಿಗೆ ಮಾತ್ರ ಎಂಬ ಷರತ್ತಿನೊಂದಿಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ ನೋಡಬಹುದು. ಮಹಿಳೆಯರ ಹಕ್ಕು ಎಂದು ಘೋಷಿಸಿದ ಮೇಲೆ ಅದು ಬಸ್ಸಿನ ಮಾಲೀಕ ಯಾರು ಎಂಬುದರ ಮೇಲೆ ನಿಲ್ಲಬಾರದು.

ತುಳುನಾಡಿನವರಿಗೆ ಈ ಬಗೆಯ ಅರೆಬರೆ ಹಕ್ಕು ಹೊಸತಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿದುಬರುತ್ತಿತ್ತು. ಆದರೂ ಗೇಣಿ ವಸೂಲಿ, ವ್ಯಾಜ್ಯ, ಮಾರಾಟಗಳ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲೇ ಇರುತ್ತಿತ್ತು. ಹೆಸರಿನಲ್ಲಿ ಹಕ್ಕು, ವ್ಯವಹಾರದಲ್ಲಿ ಇನ್ನೊಬ್ಬರ ಅನುಮತಿ. ಇದೇ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಹೆಸರಿಗಷ್ಟೇ ಇರುವ ಹಕ್ಕಿನಿಂದ ನಿರ್ಧಾರ ಮಾಡುವ ಜಾಗಕ್ಕೆ ದಾಟಬೇಕೆಂಬ ಪ್ರಯತ್ನ ಅದು. ಬಸ್ಸಿನ ವಿಷಯಕ್ಕೇ ಬಂದರೆ, ಪ್ರಯಾಣಿಕರ ಸಾಲಿನಲ್ಲಿ ಹೆಂಗಸರು ತುಂಬಿಕೊಂಡಿದ್ದಾರೆ. ನಿರ್ವಾಹಕರಾಗಿ ಸರ್ಕಾರಿ ಬಸ್ಸಿನಲ್ಲಿ ಕೆಲವರು ಕಾಣುತ್ತಾರೆ. ಸ್ಟೇರಿಂಗ್ ಹಿಡಿದವರು ತೀರ ಅಪರೂಪ. ಪರವಾನಗಿ ಮತ್ತು ವೇಳಾಪಟ್ಟಿ ನಿರ್ಧರಿಸುವ ಸಭೆಗಳಲ್ಲಿ ರಾತ್ರಿ ಪಾಳಿಯ ದಾದಿಯ ಪರವಾಗಿ ಮಾತಾಡುವವರು ಯಾರಿದ್ದಾರೋ. ಉಚಿತ ಟಿಕೆಟ್ಟಿನಷ್ಟೇ ಗಟ್ಟಿಯಾಗಿ ಈ ಬೇಡಿಕೆಗಳನ್ನೂ ಎತ್ತದ ಸ್ತ್ರೀವಾದ ಅರ್ಧ ದಾರಿಯಲ್ಲೇ ಇಳಿದುಬಿಟ್ಟಂತೆ.

ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ, ಪುತ್ತೂರು, ಸುಳ್ಯ, ಸುಬ್ರಹ್ಮಣ್ಯ, ಧರ್ಮಸ್ಥಳದ ಮಾರ್ಗಗಳಿಗೆ ನಾಲ್ಕು ಕೊಡುತ್ತೇನೆ. ವಾರಾಂತ್ಯದ ಮತ್ತು ಹಬ್ಬದ ದಿನಗಳ ನೂಕುನುಗ್ಗಲಿಗಾಗಿ ಒಂದನ್ನು ಕಳೆದಿದ್ದೇನೆ, ಆದ್ದರಿಂದ ಸಾಧ್ಯವಾದರೆ ವಾರದ ನಡುವೆ, ಬೆಳಗಿನ ಬಸ್ಸಿಗೇ ಹೊರಡುವುದು ಒಳ್ಳೆಯದು. ಉಡುಪಿ ಮಾರ್ಗಕ್ಕೆ ಎರಡು. ಉಡುಪಿಯಲ್ಲಿ ಸರ್ಕಾರಿ ಬಸ್ಸು ಹಿಡಿಯುವವರು ಸರ್ವಿಸ್ ನಿಲ್ದಾಣದಲ್ಲಿ ಕಾಯದೆ ಬನ್ನಂಜೆಯ ನಿಲ್ದಾಣಕ್ಕೇ ಹೋಗಬೇಕು. ಮಂಗಳೂರು ನಗರದೊಳಗಿನ ಪ್ರಯಾಣಕ್ಕೆ ಒಂದು ಅಂಕ, ಅದೂ ನರ್ಮ್ ಬಸ್ಸು ಎದುರಾದ ದಿನ. ಆಧಾರ್ ಕಾರ್ಡಿನ ಜತೆಗೆ ಚಿಲ್ಲರೆಯನ್ನೂ ಇಟ್ಟುಕೊಂಡು ಹೊರಡಿ.