ಹಳೆಯ ಫ್ರೇಮಿನಲ್ಲಿ ಸಿಂಗಲ್ ಸ್ಪೀಡ್ ಸೈಕಲ್: ರೇಸ್ ಫ್ರೇಮೋ, ಎಂಟಿಬಿಯೋ, ಕರಿ ಸೈಕಲ್ಲೋ?

ಗುಜರಿಯಲ್ಲಿ ಹಳೆಯ ಸೈಕಲ್ ಫ್ರೇಮ್ ಕಣ್ಣಿಗೆ ಬಿದ್ದರೆ ಬಣ್ಣ, ತುಕ್ಕು, ತೂಕ ಯಾವುದನ್ನೂ ವಿಚಾರಿಸುವ ಮೊದಲು ನಾನು ಅದನ್ನು ತಿರುಗಿಸಿ, ಹಿಂದಿನ ಚಕ್ರದ ಆಕ್ಸಲ್ ಕೂರುವ ಸೀಳು ಯಾವ ಕಡೆಗೆ ತೆರೆದಿದೆ ಎಂದು ನೋಡುತ್ತೇನೆ. ಸೀಳು ಅಡ್ಡಕ್ಕೆ ಇದ್ದರೆ ಚೌಕಾಸಿ ಶುರುವಾಗುತ್ತದೆ, ನೇರವಾಗಿ ಕೆಳಕ್ಕೆ ತೆರೆದಿದ್ದರೆ ಫ್ರೇಮ್ ಅಲ್ಲಿಯೇ ಉಳಿಯುತ್ತದೆ. ಗೇರುಗಳನ್ನೆಲ್ಲ ಕಿತ್ತು, ಹಿಂದೊಂದು ಮುಂದೊಂದು ಹಲ್ಲುಚಕ್ರವಷ್ಟೇ ಇರುವ ಸೈಕಲ್ ಕಟ್ಟಿಕೊಳ್ಳಬೇಕೆಂದು ಒಂದು ಅಲ್ಯೂಮಿನಿಯಂ ಎಂಟಿಬಿ (ಮೌಂಟನ್ ಬೈಕ್), ಒಂದು ಹಳೆಯ ಹತ್ತು ಗೇರಿನ ಉಕ್ಕಿನ ರೇಸ್ ಸೈಕಲ್ ಮತ್ತು ಮನೆಯಲ್ಲೇ ಇದ್ದ ಕರಿ ಸೈಕಲ್ ಈ ಮೂರನ್ನೂ ಬಿಚ್ಚಿ ಜೋಡಿಸಿ ಓಡಿಸಿದ್ದೇನೆ. ನನ್ನ ಒಲವು ರೇಸ್ ಫ್ರೇಮಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂಟಿಬಿ ಫ್ರೇಮ್ ಹುಬ್ಬಳ್ಳಿಯ ಗುಜರಿಯಿಂದ 700 ರೂಪಾಯಿಗೆ ಬಂತು. ಅದಕ್ಕೆ ತುಕ್ಕಿನ ಭಯವಿಲ್ಲ, ವಿ-ಬ್ರೇಕುಗಳು ಚೆನ್ನಾಗಿ ಹಿಡಿಯುತ್ತವೆ, ದಪ್ಪ ಟೈರಿನಿಂದಾಗಿ ಮಳೆಗಾಲದ ಗುಂಡಿಗಳು ಅಷ್ಟಾಗಿ ಬಾಧಿಸುವುದಿಲ್ಲ. ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗೊಂಚಲು) ತೆಗೆದು ಒಂದೇ ಹಲ್ಲುಚಕ್ರ ಹಾಕಿ, ಉಳಿದ ಜಾಗಕ್ಕೆ ಹಳೆಯ ಕ್ಯಾಸೆಟ್ಟಿನ ಸ್ಪೇಸರುಗಳನ್ನೇ ತುಂಬಿದರೆ ಚೈನನ್ನು ಮುಂದಿನ ಚೈನ್ ವೀಲಿಗೆ ನೂಲು ಹಿಡಿದಷ್ಟು ನೇರವಾಗಿ ಕೂರಿಸಬಹುದು. ತೊಡಕೆಲ್ಲ ಇರುವುದು ಚೈನ್ ಬಿಗಿ ಮಾಡುವುದರಲ್ಲಿ.

ಗೇರಿನ ಸೈಕಲ್ಲಿನಲ್ಲಿ ಚೈನಿನ ಸಡಿಲವನ್ನು ಡಿರೇಲರಿನ (ಗೇರು ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ ಸಾಧನದ) ಸ್ಪ್ರಿಂಗ್ ಎಳೆದುಕೊಳ್ಳುವುದರಿಂದ ಚಕ್ರವನ್ನು ಹಿಂದೆ ಮುಂದೆ ಸರಿಸುವ ಅಗತ್ಯವೇ ಇರುವುದಿಲ್ಲ. ಆದ್ದರಿಂದ ಇಂತಹ ಫ್ರೇಮುಗಳಲ್ಲಿ ಸೀಳನ್ನು ಕೆಳಮುಖವಾಗಿ ಇಡುತ್ತಾರೆ, ಆಕ್ಸಲ್ ಒಂದೇ ಕಡೆ ಕೂರುತ್ತದೆ. ಡಿರೇಲರ್ ತೆಗೆದ ಮೇಲೆ ಚೈನಿನ ಉದ್ದ ಆ ಒಂದೇ ಜಾಗಕ್ಕೆ ಸರಿಹೊಂದಬೇಕು, ಅದು ತಾನಾಗಿ ಹೊಂದುವುದು ಅಪರೂಪ. ಚೈನಿನ ಒಂದು ಜೋಡಿ ಕೊಂಡಿ 25.4 ಮಿ.ಮೀ. ಉದ್ದವಿರುತ್ತದೆ, ಅದನ್ನು ತೆಗೆದರೆ ಆಕ್ಸಲ್ ಅದರ ಅರ್ಧದಷ್ಟು, ಎಂದರೆ 12.7 ಮಿ.ಮೀ. ಮುಂದೆ ಬರಬೇಕಾಗುತ್ತದೆ. ಅರ್ಧ ಕೊಂಡಿ (ಜೋಡಿಯ ಅರ್ಧ ಉದ್ದದ ಒಂಟಿ ಕೊಂಡಿ) ಬಳಸಿದರೆ ಈ ಅಂತರ ಆರು ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಹಲ್ಲುಚಕ್ರದಲ್ಲಿ ಒಂದು ಹಲ್ಲು ಹೆಚ್ಚುಕಡಿಮೆ ಮಾಡಿದರೆ ಸುಮಾರು ಮೂರು ಮಿ.ಮೀ.ಗೆ ಇಳಿಯುತ್ತದೆ. ನನ್ನ ಫ್ರೇಮಿನಲ್ಲಿ 32 ಮತ್ತು 16 ಹಲ್ಲುಗಳ ಜೋಡಿಗೆ ಚೈನ್ ಒಂದೋ ಜೋತುಬೀಳುತ್ತಿತ್ತು, ಇಲ್ಲವೇ ಎರಡು ತುದಿಗಳು ಕೂಡುತ್ತಲೇ ಇರಲಿಲ್ಲ. ಹಿಂದೆ 17 ಹಲ್ಲು ಹಾಕಿ ಅರ್ಧ ಕೊಂಡಿ ಸೇರಿಸಿದಾಗ ಅದು ಬಿಗಿಯಾಗಿ ಕೂತಿತು.

ಆದರೆ ಹೊಸ ಚೈನ್ ಹೊಸದಾಗಿಯೇ ಉಳಿಯುವುದಿಲ್ಲ. ಅರ್ಧ ಶೇಕಡಾ ಸವೆದರೂ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಚೈನ್ ಆರು ಮಿ.ಮೀ. ಹತ್ತಿರ ಹಿಗ್ಗುತ್ತದೆ, ಅದನ್ನು ಸರಿಪಡಿಸಲು ಆಕ್ಸಲನ್ನು ಮೂರು ಮಿ.ಮೀ. ಹಿಂದಕ್ಕೆ ಎಳೆಯಬೇಕು, ಎಳೆಯಲು ಜಾಗವಿಲ್ಲ. ಗಣಿತ ಕೂಡಿಸಿ ಕೂರಿಸಿದ್ದೆಲ್ಲ ಒಂದು ಮಳೆಗಾಲಕ್ಕೆ ಮುಗಿದು, ಏರಿನಲ್ಲಿ ನಿಂತು ತುಳಿಯುವಾಗ ಚೈನ್ ಬೀಳತೊಡಗಿತು.

ಇದಕ್ಕೆ ಉಳಿದಿರುವ ಉಪಾಯವೆಂದರೆ ಚೈನ್ ಟೆನ್ಷನರ್. ಡಿರೇಲರ್ ನೇತುಹಾಕುವ ಕಿವಿಗೆ ಬೋಲ್ಟ್ ಮಾಡುವ ಒಂದು ತೋಳು ಮತ್ತು ಅದರ ತುದಿಯಲ್ಲಿ ಒಂದು ಪುಟ್ಟ ರಾಟೆ, ಅಷ್ಟೇ. ನನ್ನದು ಚೈನನ್ನು ಕೆಳಕ್ಕೆ ಒತ್ತುವ ಬಗೆಯದು. ಹೀಗೆ ಒತ್ತಿದಾಗ ಹಿಂದಿನ ಹಲ್ಲುಚಕ್ರಕ್ಕೆ ಚೈನ್ ಸುತ್ತಿಕೊಳ್ಳುವ ಭಾಗ ಕಡಿಮೆಯಾಗಿ, ಬಲವಾಗಿ ತುಳಿದರೆ ಹಲ್ಲು ಜಾರುತ್ತದೆ. ಮೇಲಕ್ಕೆ ಎತ್ತುವ ಬಗೆಯದು ಈ ವಿಷಯದಲ್ಲಿ ವಾಸಿ. ಗುಜರಿ ಫ್ರೇಮಿನ ಆ ಕಿವಿ ಕೂದಲೆಳೆಯಷ್ಟು ಬಾಗಿದ್ದರೂ ರಾಟೆ ಓರೆಯಾಗಿ ನಿಂತು ಕಿರಗುಟ್ಟುತ್ತದೆ. ಧಾರವಾಡದಿಂದ ಪೂರ್ವಕ್ಕೆ ಹೊರಟು ಎರೆ ಮಣ್ಣಿನ ಹೊಲದ ದಾರಿಗೆ ಇಳಿದರಂತೂ ಮಣ್ಣು ರಾಟೆಗೂ ತೋಳಿಗೂ ನಡುವೆ ಮೆತ್ತಿಕೊಂಡು ರಾಟೆ ತಿರುಗುವುದೇ ನಿಲ್ಲುತ್ತದೆ, ಚೈನ್ ಅದರ ಮೇಲೆ ಉಜ್ಜಿಕೊಂಡು ಸಾಗುತ್ತದೆ, ಕಡ್ಡಿಯೊಂದನ್ನು ಹುಡುಕಿ ಕೆರೆದು ತೆಗೆಯುವವರೆಗೆ ಬೇರೆ ದಾರಿಯಿಲ್ಲ. ಡಿರೇಲರಿನ ಕಾಟವೇ ಬೇಡವೆಂದು ಗೇರು ಬಿಟ್ಟವನು ಅದರ ಜಾಗದಲ್ಲಿ ಅದರಷ್ಟೇ ಮಣ್ಣು ಹಿಡಿಯುವ ಇನ್ನೊಂದನ್ನು 1,200 ರೂಪಾಯಿ ಕೊಟ್ಟು ತೂಗುಹಾಕಿಕೊಳ್ಳುವುದರಲ್ಲಿ ಏನು ಅರ್ಥವಿದೆಯೋ ನನಗೆ ತಿಳಿಯದು. (ಅಗ್ಗದ ಉಕ್ಕಿನ ಎಂಟಿಬಿಗಳಲ್ಲಿ ಕೆಲವಕ್ಕೆ ಅಡ್ಡ ಸೀಳೇ ಇರುತ್ತದೆ. ಅಂಥದ್ದು ಸಿಕ್ಕರೆ ಈ ದೂರು ಅನ್ವಯಿಸುವುದಿಲ್ಲ.)

ರೇಸ್ ಫ್ರೇಮ್ ನನಗೆ ಸಿಕ್ಕಿದ್ದು ವಿಜಯಪುರದ ಕಡೆಯಿಂದ. ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕಲ್ ಸ್ಪರ್ಧೆಗೆ ಇಳಿಯುವ ಹುಡುಗ ಹುಡುಗಿಯರು ಬಹಳ, ಹಾಗಾಗಿ ಅಭ್ಯಾಸಕ್ಕೆ ಬಳಸಿ ಬಿಟ್ಟ ಫ್ರೇಮುಗಳು ಆ ಭಾಗದಲ್ಲಿ ಆಗಾಗ ಕೈ ಬದಲಿಸುತ್ತವೆ. ಬೆಲೆ 1,500 ರೂಪಾಯಿ ಆಯಿತು. ಇದರ ಸೀಳು ಅಡ್ಡಕ್ಕಿದ್ದು, ಆಕ್ಸಲ್ ಸರಿದಾಡಲು ಹೆಬ್ಬೆರಳಿನ ಅಗಲದಷ್ಟು ಜಾಗವಿದೆ. ಎರಡು ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಮತ್ತೆ ಬಿಗಿದರೆ ಚೈನಿನ ಕೆಲಸ ಮುಗಿಯಿತು. ಒಂದು 15ರ ಪಾನಾ ಸಾಕು. ಹಿಂದಿನ ಫೋರ್ಕಿನ ಒಳ ಅಗಲ 126 ಮಿ.ಮೀ., ಹೊಸ ಹಬ್ಬಿನದು 120. ಎರಡೂ ಬದಿಗೆ ಮೂರು ಮಿ.ಮೀ. ವಾಷರ್ ಹಾಕಿದೆ, ಉಕ್ಕನ್ನು ಬಗ್ಗಿಸುವ ಗೋಜಿಗೇ ಹೋಗಲಿಲ್ಲ. ಮೊದಲಿದ್ದ 27 ಇಂಚಿನ ರಿಮ್ಮಿನ ಬದಲು ತುಸು ಚಿಕ್ಕದಾದ 700ಸಿ ಅಳತೆಯ ರಿಮ್ ಹಾಕಿದ್ದರಿಂದ ಬ್ರೇಕಿನ ರಬ್ಬರ್ ನಾಲ್ಕು ಮಿ.ಮೀ. ಕೆಳಗಿಳಿಯಬೇಕಾಯಿತು, ಬ್ರೇಕಿನ ತೋಳುಗಳು ಅಷ್ಟು ಉದ್ದವಿದ್ದವು. ಕ್ವಿಕ್ ರಿಲೀಸ್ (ನಟ್ಟಿನ ಬದಲು ಸನ್ನೆ ಮಡಚಿ ಬಿಗಿಯುವ) ಆಕ್ಸಲ್ ಮಾತ್ರ ಇಲ್ಲಿ ಬೇಡ: ಏರಿನಲ್ಲಿ ಜೋರಾಗಿ ತುಳಿದಾಗ ಚೈನಿನ ಎಳೆತಕ್ಕೆ ಚಕ್ರದ ಬಲಬದಿ ಮುಂದಕ್ಕೆ ಸರಿದು ಟೈರು ಫ್ರೇಮಿಗೆ ತಾಗುವ ಸಂಭವವಿದೆ. ಚಕ್ರ ಸರಿಸಿದಾಗಲೆಲ್ಲ ಹಿಂದಿನ ಬ್ರೇಕಿನ ರಬ್ಬರ್ ರಿಮ್ಮಿನ ಮೇಲೆಯೇ ಇದೆಯೇ ಎಂದೂ ನೋಡಬೇಕು.

ಇನ್ನು ಕರಿ ಸೈಕಲ್. ಅದು ಹುಟ್ಟಿನಿಂದಲೇ ಸಿಂಗಲ್ ಸ್ಪೀಡ್, ಸೀಳೂ ಸರಿಯಾಗಿಯೇ ಇದೆ, ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು ಬಿಚ್ಚಿದರೆ ನೋಡುವುದಕ್ಕೂ ಸೊಗಸು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಮುಚ್ಚಿದ ಮೇಲೂ ನನ್ನ ಅಟ್ಲಾಸಿಗೆ ಕೋನು, ಬಾಲ್ಸು, ಕಾಟರ್ ಪಿನ್ನು ಯಾವ ಹಳ್ಳಿಯ ಸೈಕಲ್ ಶಾಪಿನಲ್ಲೂ ಸಿಗದೆ ಹೋಗಿಲ್ಲ. ಅಡ್ಡಿಯಾಗುವುದು ಬ್ರೇಕು. ಕಡ್ಡಿ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಯನ್ನು ಒತ್ತುತ್ತದೆ, ಆ ರಿಮ್ಮಿನ ಪಕ್ಕಗಳು ದುಂಡಗಿರುವುದರಿಂದ ಬೇರೆ ಬ್ರೇಕ್ ಹಾಕಿದರೂ ಹಿಡಿಯಲು ಚಪ್ಪಟೆ ಜಾಗವಿಲ್ಲ, ಮಳೆಯಲ್ಲಂತೂ ಉಕ್ಕಿನ ರಿಮ್ ಒದ್ದೆಯಾದರೆ ಇಳಿಜಾರಿನಲ್ಲಿ ಕಾಲು ನೆಲಕ್ಕೆ ಊರುವುದೇ ನಂಬಿಕೆಯ ಬ್ರೇಕು. ರಿಮ್ಮು, ಬ್ರೇಕು ಎರಡನ್ನೂ ಬದಲಿಸುವ ಖರ್ಚಿನಲ್ಲಿ ರೇಸ್ ಫ್ರೇಮಿನ ಅರ್ಧ ಸೈಕಲ್ ಎದ್ದು ನಿಲ್ಲುತ್ತದೆ. ಭಾರದ ಮಾತು ಎತ್ತುವುದೇ ಬೇಡ.

ಚಕ್ರಗಳಿಗೆ ಕೊಟ್ಟ 3,500 ಸೇರಿ ರೇಸ್ ಫ್ರೇಮಿನ ಸೈಕಲ್ಲಿಗೆ ಒಟ್ಟು ಆರೂವರೆ ಸಾವಿರ ಬಿದ್ದಿದೆ, ಮೂರರಲ್ಲಿ ಅದೇ ದುಬಾರಿ. ನಾನು ದಿನವೂ ಓಡಿಸುವುದು ಧಾರವಾಡದ ಏರಿಳಿತದ ಡಾಂಬರು ರಸ್ತೆಯಲ್ಲಿ, ಭಾನುವಾರ ಹುಬ್ಬಳ್ಳಿಯವರೆಗೆ, ಬೆನ್ನಿಗೊಂದು ಚೀಲ ಬಿಟ್ಟರೆ ಹೊರೆಯಿಲ್ಲ. ಮುಂದೆ 42, ಹಿಂದೆ 18 ಹಲ್ಲು ಇಟ್ಟುಕೊಂಡಿದ್ದೇನೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 23-24 ಕಿ.ಮೀ. ಹೋಗುತ್ತದೆ, ಏರಿನಲ್ಲಿ ಇಳಿದು ತಳ್ಳುವ ಪ್ರಸಂಗ ಬರುವುದಿಲ್ಲ, ಇಳಿಜಾರಿನಲ್ಲಿ ಕಾಲು ಸುಮ್ಮನಿರಿಸಿಕೊಂಡು ಹೋಗುವುದು ನನಗೆ ಒಗ್ಗಿದೆ. ಹೊಲದ ದಾರಿಯೇ ಹೆಚ್ಚಿರುವವರಿಗೆ ಅಡ್ಡ ಸೀಳಿನ ಉಕ್ಕಿನ ಎಂಟಿಬಿ ಸಿಗುವವರೆಗೆ ಕಾಯಲು ಹೇಳುತ್ತೇನೆ. ಎರಡು ಸಾವಿರದೊಳಗೆ ಮುಗಿಯಬೇಕು, ಊರು ಸಮತಟ್ಟಾಗಿದೆ, ಮಳೆ ಕಡಿಮೆ ಎನ್ನುವವರು ಕರಿ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರ್ ಮತ್ತು ಹೊಸ ಚೈನ್ ಹಾಕಿಸಿ ಧಾರಾಳವಾಗಿ ಓಡಿಸಬಹುದು.