ಅಜಥಯೋಪ್ರಿನ್ 50: ಅರ್ಧ ಔಷಧಿ ಸ್ಟ್ರಿಪ್‌ನಲ್ಲಿ, ಇನ್ನರ್ಧ ಲ್ಯಾಬ್‌ನಲ್ಲಿ

ಅಂಕ: ಐದಕ್ಕೆ ಮೂರೂವರೆ
ಯಾವುದಕ್ಕೆ: ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ), ವರ್ಷಗಟ್ಟಲೆ ಬಳಕೆ

ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಈ ಮಾತ್ರೆ ಒಳ್ಳೆಯದೇ. ಇದೇ ಕಾಯಿಲೆಗೆ ಕೊಡುವ ಬಯಾಲಾಜಿಕ್ ಇಂಜೆಕ್ಷನ್‌ಗಳ ಬೆಲೆ ಮುಂದೆ ಇದು ಅಗ್ಗ, ಹತ್ತಿದವರಿಗೆ ಚೆನ್ನಾಗಿಯೇ ಹತ್ತುತ್ತದೆ. ಒಂದೂವರೆ ಅಂಕ ಕತ್ತರಿಸಿದ್ದು ಇದರ ಜೊತೆ ಬರುವ ರಕ್ತಪರೀಕ್ಷೆಯ ತಾಪತ್ರಯಕ್ಕೆ. ಅದನ್ನು ಮಾಡಿಸಲು ಆಗದವರು ಈ ಮಾತ್ರೆಗೆ ಕೈ ಹಾಕದಿರುವುದೇ ಮೇಲು.

ಡೋಸು ದೇಹದ ತೂಕದ ಲೆಕ್ಕ: ಒಂದು ಕೆ.ಜಿ.ಗೆ ದಿನಕ್ಕೆ 2ರಿಂದ 2.5 ಮಿ.ಗ್ರಾಂ. ಅರವತ್ತು ಕೆ.ಜಿ. ಇದ್ದರೆ 50 ಮಿ.ಗ್ರಾಂನ ಎರಡೂವರೆಯಿಂದ ಮೂರು ಮಾತ್ರೆ. ಆದರೆ ಮೊದಲ ದಿನವೇ ಅಷ್ಟು ನುಂಗುವುದಲ್ಲ. ಒಂದು ಮಾತ್ರೆಯಿಂದ ಶುರುಮಾಡಿ, ರಿಪೋರ್ಟ್ ನೋಡಿಕೊಂಡು ಏರಿಸುವ ಡಾಕ್ಟರೇ ಸರಿ. ಇಲ್ಲಿ ಕೆಲವರಿಗೆ ಲೆಕ್ಕದ ಡೋಸಿಗಿಂತ ಕಡಿಮೆಯಲ್ಲೇ ಕೆಲಸ ಆಗುತ್ತದೆ, ಅವರಿಗೆ ಅಲ್ಲೇ ನಿಲ್ಲಿಸುತ್ತಾರೆ.

ಗುಣ ಕಾಣಲು ಎರಡು-ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕರುಳಿನ ಉರಿಯೂತ ಹಿಡಿದಿಡುವುದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಹಾಗಾಗಿ ಮುಖ ಊದಿತು, ನಿದ್ದೆ ಹೋಯಿತು, ಮೊಡವೆ ಬಂತು, ಮೂರು ಮುದ್ದೆ ಉಂಡರೂ ಹಸಿವು ಅಂತ ಬೈಯುವುದಾದರೆ ಸ್ಟೀರಾಯ್ಡನ್ನು ಬೈಯಿರಿ, ಅಜಥಯೋಪ್ರಿನ್ ಅನ್ನಲ್ಲ. ಸ್ಟೀರಾಯ್ಡನ್ನು ಬೆಳಗಿನ ತಿಂಡಿ ಆದಮೇಲೆ ತಗೊಂಡರೆ ರಾತ್ರಿ ನಿದ್ದೆ ಸ್ವಲ್ಪವಾದರೂ ಉಳಿಯುತ್ತದೆ. ಸಾಮಾನ್ಯವಾಗಿ 40 ಮಿ.ಗ್ರಾಂನಿಂದ ವಾರಕ್ಕೆ 5ರಂತೆ ಇಳಿಸುತ್ತಾರೆ. ಮುಖ ಊದಿತೆಂದು ಒಂದೇ ಏಟಿಗೆ ಬಿಟ್ಟರೆ ಅಷ್ಟು ದಿನ ಸುಮ್ಮನಿದ್ದ, ದೇಹದೊಳಗೇ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತಕ್ಷಣ ಏಳುವುದಿಲ್ಲ. ಸುಸ್ತು, ವಾಂತಿ, ಬಿ.ಪಿ. ಕುಸಿದು ತಲೆ ಸುತ್ತುವುದು, ಎಲ್ಲ ಒಟ್ಟಿಗೆ ಬರುತ್ತದೆ.

ಈಗ ಅಜಥಯೋಪ್ರಿನ್‌ನದೇ ತೊಂದರೆಗಳು. ಮೊದಲ ವಾರದ ವಾಕರಿಕೆ ಬಹಳ ಜನಕ್ಕೆ ಬರುತ್ತದೆ. ರಾತ್ರಿ ಊಟವಾದ ಮೇಲೆ ತಗೊಳ್ಳುವುದು ಅಥವಾ ಡೋಸನ್ನು ಎರಡು ಹೊತ್ತಿಗೆ ಹಂಚಿಕೊಳ್ಳುವುದು, ಇವೆರಡರಲ್ಲಿ ಒಂದು ಸಾಮಾನ್ಯವಾಗಿ ಹೊಂದುತ್ತದೆ. ಮಲಗುವ ಮುಂಚಿನ ಲೋಟ ಹಾಲಿನ ಜೊತೆ ಮಾತ್ರ ಬೇಡ. ಹಾಲಿನಲ್ಲಿರುವ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಔಷಧಿಯ ಒಂದಿಷ್ಟು ಭಾಗವನ್ನು ಕೆಡಿಸಬಲ್ಲದು.

ವಾಕರಿಕೆ ಬೇರೆ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿಕೊಳ್ಳುವುದೇ ಬೇರೆ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ನೋವು, ಜೊತೆಗೆ ವಾಂತಿ, ಹೆಚ್ಚಾಗಿ ಮೊದಲ ಒಂದು ತಿಂಗಳ ಒಳಗೆ. ಇದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರುವವರೇ ಜಾಸ್ತಿ. ಮಾತ್ರೆ ನಿಲ್ಲಿಸಿ ಅದೇ ದಿನ ಅಮೈಲೇಸ್, ಲೈಪೇಸ್ ರಕ್ತಪರೀಕ್ಷೆ ಮಾಡಿಸಬೇಕು. ಪ್ಯಾಂಕ್ರಿಯಾಟೈಟಿಸ್ ಅಂತ ಖಚಿತವಾದರೆ ಈ ಔಷಧಿ ಜನ್ಮದಲ್ಲಿ ಮತ್ತೆ ಬೇಡ.

ಇನ್ನೊಂದು, ಕೂದಲು. ಬಾಚಣಿಗೆಯಲ್ಲಿ ನಾಲ್ಕು ಎಳೆ ಜಾಸ್ತಿ ಬಂದರೆ ಗಾಬರಿ ಬೇಡ. ಆದರೆ ಶುರುಮಾಡಿದ ಮೂರು-ನಾಲ್ಕು ವಾರದಲ್ಲೇ ಮುಷ್ಟಿಗಟ್ಟಲೆ ಕಿತ್ತು ಬಂದರೆ ಅದು ಸೌಂದರ್ಯದ ಸಮಸ್ಯೆಯಲ್ಲ, ಬಿಳಿ ರಕ್ತಕಣ ಕುಸಿಯುತ್ತಿರುವ ಸೂಚನೆ. ಎನ್‌ಯುಡಿಟಿ15 ಎಂಬ ಜೀನ್‌ನಲ್ಲಿ ವ್ಯತ್ಯಾಸ ಇದ್ದವರಿಗೆ ಹೀಗಾಗುತ್ತದೆ. ಹಳೆಯ ಪುಸ್ತಕಗಳು ಟಿಪಿಎಂಟಿ ಎಂಬ ಇನ್ನೊಂದು ಜೀನ್‌ನ ಪರೀಕ್ಷೆಯನ್ನಷ್ಟೇ ಹೇಳುತ್ತವೆ. ನಮ್ಮ ಕಡೆಯವರಲ್ಲಿ ಹೆಚ್ಚು ಕಾಣುವುದು ಎನ್‌ಯುಡಿಟಿ15ರ ವ್ಯತ್ಯಾಸವೇ. ದುಡ್ಡು ಹೊಂದಿದರೆ ಶುರುಮಾಡುವ ಮುಂಚೆಯೇ ಎರಡನ್ನೂ ಮಾಡಿಸಿ. ಜೀವಮಾನಕ್ಕೆ ಒಮ್ಮೆ ಸಾಕು. ಜೀನ್ ಸರಿಯಿದೆ ಎಂದು ಸಿಬಿಸಿ (ರಕ್ತಕಣಗಳ ಎಣಿಕೆ) ಬಿಡುವಂತಿಲ್ಲ ಅಷ್ಟೆ.

ಸಿಬಿಸಿ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೆ, ತಿಂಗಳಿಗೆ, ಎಲ್ಲ ಸರಿ ನಿಂತಮೇಲೆ ಮೂರು ತಿಂಗಳಿಗೊಮ್ಮೆ. ಡೋಸ್ ಏರಿಸಿದಾಗಲೆಲ್ಲ ಮತ್ತೆ ಹತ್ತಿರ ಹತ್ತಿರ. ಜೊತೆಗೆ ಲಿವರ್ ಪರೀಕ್ಷೆ. ರಿಪೋರ್ಟ್ ಓದುವುದನ್ನು ನೀವೇ ಕಲಿಯಬೇಕು, ಏಕೆಂದರೆ ಸಣ್ಣ ಲ್ಯಾಬ್‌ಗಳು ನ್ಯೂಟ್ರೊಫಿಲ್ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣ) ಅನ್ನು ಶೇಕಡಾದಲ್ಲಿ ಮಾತ್ರ ಮುದ್ರಿಸುತ್ತವೆ. ಬಿಳಿ ಕಣಗಳ ಒಟ್ಟು ಕೌಂಟ್ 3,200, ನ್ಯೂಟ್ರೊಫಿಲ್ ಶೇ. 45 ಅಂತ ಇಟ್ಟುಕೊಳ್ಳಿ. ಶೇ. 45 ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. ಗುಣಿಸಿ ನೂರರಿಂದ ಭಾಗಿಸಿದರೆ 1,440. ಒಟ್ಟು ಕೌಂಟ್ 3,500ಕ್ಕಿಂತ ಅಥವಾ ನ್ಯೂಟ್ರೊಫಿಲ್ 1,600ಕ್ಕಿಂತ ಕೆಳಗಿಳಿದರೆ, ಪ್ಲೇಟ್‌ಲೆಟ್ 1,40,000ಕ್ಕಿಂತ ಕಡಿಮೆಯಾದರೆ, ಲಿವರ್ ಪರೀಕ್ಷೆಯ ಎಎಲ್‌ಟಿ ನೂರು ದಾಟಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಸಿಬಿಸಿಯಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, ಏರುವುದು ಈ ಮಾತ್ರೆಯ ಸ್ವಭಾವ. ಮಾಮೂಲಿ ಕ್ಲಿನಿಕ್‌ನಲ್ಲಿ ಅದನ್ನು ನೋಡಿದ ಕೂಡಲೇ ಬಿ12 ಕೊರತೆ ಎಂದುಕೊಂಡು ಇಂಜೆಕ್ಷನ್ ಚುಚ್ಚುತ್ತಾರೆ. ಅದು ಪೂರಾ ತಪ್ಪೂ ಅಲ್ಲ: ಕ್ರೋನ್ಸ್ ಸಣ್ಣ ಕರುಳಿನ ಕೊನೆಯನ್ನು ಹಿಡಿದಿದ್ದರೆ ಬಿ12 ನಿಜವಾಗಿಯೂ ಕಡಿಮೆ ಇರಬಹುದು. ಚುಚ್ಚುವ ಮೊದಲು ಒಮ್ಮೆ ಅಳೆಸಿದರೆ ಗೊಂದಲ ಮುಗಿಯಿತು.

ಮಳೆಗಾಲದ ಜ್ವರ ಇಲ್ಲಿನ ದೊಡ್ಡ ತಲೆನೋವು. ಡೆಂಗಿ ಬಂದರೂ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಈ ಮಾತ್ರೆಯಿಂದಲೂ ಇಳಿಯುತ್ತವೆ. ಶುರುಮಾಡಿದ ಹೊಸದರಲ್ಲಿ ಜ್ವರ, ಮೈಕೈ ನೋವು ಬಂದರೆ ಅದು ಮಾತ್ರೆಯ ಅಲರ್ಜಿಯೂ ಇರಬಹುದು. ಮೈಸೂರಾಗಲಿ ಮಂಡ್ಯವಾಗಲಿ, ಕ್ಯಾಶುವಾಲಿಟಿಯಲ್ಲಿ ಮೊದಲು ಹೇಳಬೇಕಾದ ಮಾತು «ಅಜಥಯೋಪ್ರಿನ್ ತಗೊಳ್ತಿದ್ದೀನಿ» ಎಂಬುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕ್ರೋನ್ಸ್ ಅನ್ನೇ ಕೆರಳಿಸಬಹುದು.

ಬೇರೆ ಔಷಧಿಗಳ ಪೈಕಿ ಅತಿ ಅಪಾಯದ್ದು ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್. ಹಾಲಿನ ವಿಷಯದಲ್ಲಿ ಹೇಳಿದ ಅದೇ ಕಿಣ್ವ ನಮ್ಮ ದೇಹದಲ್ಲೂ ಅಜಥಯೋಪ್ರಿನ್ ಅನ್ನು ಕರಗಿಸುತ್ತದೆ. ಅಲೊಪ್ಯೂರಿನಾಲ್ ಆ ಕಿಣ್ವವನ್ನು ತಡೆಯುವುದರಿಂದ ಔಷಧಿ ಒಳಗೇ ಪೇರಿಕೊಂಡು ಮೂಳೆಯ ಮಜ್ಜೆಯನ್ನು ಹೊಡೆಯುತ್ತದೆ. ಫೆಬುಕ್ಸೊಸ್ಟ್ಯಾಟ್ ಕೂಡ ಹಾಗೆಯೇ. ಗ್ಯಾಸ್ಟ್ರೋ ಡಾಕ್ಟರ್ ತಾವೇ ಡೋಸನ್ನು ಕಾಲು ಭಾಗಕ್ಕೆ ಇಳಿಸಿ ಎರಡನ್ನೂ ಕೊಡುವುದುಂಟು, ಅದು ಬೇರೆ ಮಾತು.

ವರ್ಷಗಳ ಮೇಲೆ ಕಾಣುವವು: ನರೂಲಿ, ಸರ್ಪಸುತ್ತು, ಚರ್ಮದ ಕ್ಯಾನ್ಸರ್, ಅಪರೂಪಕ್ಕೆ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್). ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿಸಿಕೊಂಡು ಬರುವ ರೂಢಿ ಇನ್ನೂ ಇದೆ. ಹಚ್ಚುವವರು ಹಚ್ಚಲಿ, ಗುಳ್ಳೆ ಎದ್ದ 72 ಗಂಟೆಯ ಒಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾಗಲೇಬೇಕು. ಬಿಸಿಲಿನಲ್ಲಿ ಕಬ್ಬು ಕಡಿಯುವವರಿಗೆ, ನಾಟಿ ಮಾಡುವವರಿಗೆ ತುಂಬು ತೋಳಿನ ಅಂಗಿ, ತಲೆಗೆ ಟವೆಲ್ ಸನ್‌ಸ್ಕ್ರೀನ್‌ಗಿಂತ ನಂಬಿಕಸ್ತ. ಎಂಎಂಆರ್, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆ ಮಾತ್ರೆಗೆ ಮೊದಲೇ ಆಗಬೇಕು. ಮಾತ್ರೆ ಶುರುವಾದ ಮೇಲೆ ಬೇಡ. ಗರ್ಭಿಣಿಯಾದರೆಂದು ಗಾಬರಿಯಲ್ಲಿ ತಾವೇ ಬಿಡುವವರಿದ್ದಾರೆ. ಸಾಮಾನ್ಯವಾಗಿ ಇದನ್ನು ಮುಂದುವರಿಸುತ್ತಾರೆ, ಗರ್ಭಿಣಿಯರಿಗೆ ಕೂಡದ್ದು ಕ್ರೋನ್ಸ್‌ಗೆ ಕೊಡುವ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್.

ಕೊಳ್ಳುವ ವಿಷಯ. ಮೈಸೂರಿನ ದೊಡ್ಡ ಆಸ್ಪತ್ರೆಗಳ ಸುತ್ತಲಿನ ಮೆಡಿಕಲ್‌ಗಳಲ್ಲಿ ಹುಡುಕಾಟ ಕಡಿಮೆ. ತಾಲ್ಲೂಕಿನ ಅಂಗಡಿಯಲ್ಲಿ ಹೇಳಿಟ್ಟು ತರಿಸಬೇಕಾಗಬಹುದು, ಹಾಗಾಗಿ ಹತ್ತು ದಿನದ್ದು ಉಳಿದಿರುವಾಗಲೇ ಹೇಳಿಡಿ. ಒಂದೇ ಹೆಸರಿನಲ್ಲಿ 25ರದ್ದೂ ಬರುತ್ತದೆ, ಸ್ಟ್ರಿಪ್‌ನ ಹಿಂದಿನ ಅಂಕಿ ಓದಿ ಆಮೇಲೆ ದುಡ್ಡು ಕೊಡಿ.