ನೆಟ್‌ಮಾನ್‌ಸ್ಟರ್ ಆಪ್: ಮೂರು ವರ್ಷ ಬಳಸಿದ ಮೇಲೆ ಬರೀತಿರೋದು

ನಮ್ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ತಗ್ಗಲ್ಲಿ, ಸುತ್ತ ಗುಡ್ಡ. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದ ಮೇಲೆ ದಿನಾ ಒಂದೇ ರಗಳೆ, ಮೀಟಿಂಗ್ ನಡೀತಿರುವಾಗ್ಲೇ ಕಾಲ್ ಕಟ್, ಫೋನ್ ನೋಡಿದ್ರೆ ಎರಡು ಕಡ್ಡಿ ಹಾಗೇ ನಿಂತಿರುತ್ತೆ. ಆ ಕಡ್ಡಿ ನೋಡಿ ಏನೂ ಗೊತ್ತಾಗಲ್ಲ ಅಂತ ತಿಳಿದಿದ್ದು, ಫೋನ್ ಯಾವ ಟವರ್ ಹಿಡಿದಿದೆ, ಸಿಗ್ನಲ್ ಎಷ್ಟಿದೆ ಅಂತ ತೋರ್ಸೋ ಈ ಆಂಡ್ರಾಯ್ಡ್ ಆಪ್ ಹಾಕ್ಕೊಂಡ ಮೇಲೆ.

ಮೊದ್ಲು ಕಾಣೋದು ನೆಟ್‌ವರ್ಕ್ ನಂಬರ್. ಮೊದಲ ಮೂರಂಕಿ ಎಂಸಿಸಿ, ಅದು ದೇಶದ್ದು, ನಮಗೆ 404 ಮತ್ತೆ 405 ಎರಡೂ ಇದೆ. ಅದರ ಮುಂದಿನದು ಎಂಎನ್‌ಸಿ, ಅದ್ರಲ್ಲಿ ಯಾವ ಕಂಪನಿ ಯಾವ ಸರ್ಕಲ್ ಅಂತ ಗೊತ್ತಾಗುತ್ತೆ. ಏರ್‌ಟೆಲ್ ಕರ್ನಾಟಕ 404 45, ಬಿಎಸ್ಸೆನ್ನೆಲ್ ಕರ್ನಾಟಕ 404 71, ಜಿಯೋ ಕರ್ನಾಟಕ 405 861. ಒಂದ್ಸಲ ತಲಪಾಡಿ ದಾಟಿ ಕಾಸರಗೋಡಿಗೆ ಹೋಗ್ತಾ ನೋಡ್ತಿದ್ದೆ, 45 ಹೋಗಿ 95 ಬಂತು, ಅದು ಕೇರಳ ಸರ್ಕಲ್. ಬಸ್ಸಲ್ಲಿ ಹಿಂದಿನ ಸೀಟಿನವ್ರ ಕನ್ನಡ ಹಾಗೇ ಮುಂದುವರೀತಾ ಇತ್ತು.

ನನಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಅದರ ಕೆಳಗಿನ ಸೆಲ್ ಐಡಿ. 4ಜಿಯಲ್ಲಿ ಇದು ಒಂದು ದೊಡ್ಡ ನಂಬರ್, 256ರಿಂದ ಭಾಗಿಸಿದ್ರೆ ಭಾಗಲಬ್ಧ ಇಎನ್‌ಬಿ, ಅಂದ್ರೆ ಆ ಕಂಪನಿ ಅಲ್ಲಿ ಇಟ್ಟಿರೋ ಬೇಸ್ ಸ್ಟೇಷನ್, ಉಳಿಯೋ ಶೇಷ ಸೆಲ್ ನಂಬರ್. ಸೆಲ್ ಅಂದ್ರೆ ಸಾಮಾನ್ಯವಾಗಿ ಆ ಸ್ಟೇಷನ್ ಒಂದೊಂದು ದಿಕ್ಕಿಗೆ ಕಳಿಸೋ ಸಿಗ್ನಲ್. ಉದಾಹರಣೆಗೆ 51234819 ಅಂತಿದ್ರೆ ಇಎನ್‌ಬಿ 200136, ಸೆಲ್ 3. ಲೆಕ್ಕ ನೀವು ಮಾಡ್ಬೇಕಾಗಿಲ್ಲ, ಆಪೇ ಬಿಡಿಸಿ ತೋರ್ಸುತ್ತೆ. ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಯವ್ರು ಆಂಟೆನಾ ಹಾಕಿರ್ತಾರೆ, ಒಬ್ಬೊಬ್ರದು ಬೇರೆ ಬೇರೆ ಇಎನ್‌ಬಿ, ಹಾಗಾಗಿ ಇದನ್ನ ಕಂಬದ ನಂಬರ್ ಅನ್ಕೋಬೇಡಿ. ಪಿಸಿಐ ಅಂತ ಇನ್ನೊಂದು ಕಾಣುತ್ತೆ, ಅಕ್ಕಪಕ್ಕದ ಸೆಲ್‌ಗಳನ್ನ ಫೋನು ಬೇರೆ ಬೇರೆ ಅಂತ ಗುರುತಿಸೋಕೆ ಇರೋ ನಂಬರ್, ಅದು 0ಯಿಂದ 503ರ ವರೆಗೆ ಮಾತ್ರ, ದೂರದೂರದಲ್ಲಿ ಮತ್ತೆ ಮತ್ತೆ ಬರುತ್ತೆ, ಬರೀ ಅದನ್ನ ನೋಡಿ ಟವರ್ ಗುರುತಿಸಕ್ಕಾಗಲ್ಲ.

ಹೋದ ಮಳೆಗಾಲದ ಕತೆ ಹೇಳ್ತೀನಿ. ನಮಗೆ ಹತ್ತಿರದ ಟವರ್ ಗುಡ್ಡದ ಮೇಲಿದೆ, ಟಿಎ (ಟವರ್ ಎಷ್ಟು ದೂರ ಅಂತ ಅಂದಾಜು ಹೇಳೋ ನಂಬರ್) 18 ತೋರ್ಸುತ್ತೆ, ಒಂದು ಟಿಎ ಅಂದ್ರೆ 78 ಮೀಟರ್ ಲೆಕ್ಕದಲ್ಲಿ ಸುಮಾರು 1.4 ಕಿಲೋಮೀಟರ್. ಒಂದಿನ ಬೆಳಗ್ಗೆ ನೆಟ್ ಇಲ್ಲ, ನೋಡಿದ್ರೆ ಟಿಎ 41, ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು) -119, ಅಂದ್ರೆ ಫೋನು ಮೂರು ಕಿಲೋಮೀಟರ್ ಆಚೆಯ ಇನ್ನೊಂದು ಟವರ್ ಹಿಡ್ಕೊಂಡಿದೆ. ಕರೆಂಟ್ ಹೋಗಿರ್ಬೇಕು ಅನ್ಕೊಂಡು ಕೊಡೆ ಹಿಡ್ಕೊಂಡು ಗುಡ್ಡ ಹತ್ತಿದೆ. ಅಲ್ಲಿ ಅದೇ ಇಎನ್‌ಬಿಯ 1 ಮತ್ತೆ 3 ಚೆನ್ನಾಗಿ ಬರ್ತಿದೆ, ನಮ್ಮನೆ ಕಡೆ ಮುಖ ಮಾಡಿರೋ 2 ಮಾತ್ರ ಎಲ್ಲೂ ಇಲ್ಲ! ಕಸ್ಟಮರ್ ಕೇರ್‌ಗೆ ಎರಡು ದಿನ ಫೋನ್ ಮಾಡಿದ್ರೂ ನಿಮ್ಮ ಏರಿಯಾದಲ್ಲಿ ಎಲ್ಲ ಸರಿ ಇದೆ ಸರ್ ಅಂತಾನೇ ಉತ್ತರ. ಮೂರನೇ ದಿನ ಇಎನ್‌ಬಿ ಇಷ್ಟು, ಸೆಲ್ 2 ಆನ್ ಇಲ್ಲ, ಇಂಥ ಟೈಮಿಂದ ಅಂತ ಬರೆದು ಸ್ಕ್ರೀನ್‌ಶಾಟ್ ಕಳಿಸ್ದೆ. ಸಂಜೆ ಅವರ ಕಡೆ ಟೆಕ್ನಿಶಿಯನ್ ಒಬ್ರು ಫೋನ್ ಮಾಡಿ, ಈ ನಂಬರ್ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ರು, ಮಾರನೇ ದಿನ ಬಂದು ಯಾವುದೋ ಕೇಬಲ್ ಬದಲಾಯಿಸಿ ಹೋದ್ರು. ಸರಿಯಾಯ್ತು. ಟವರ್ ಪೂರ್ತಿ ನಿಂತಿದ್ರೆ ಅವರಿಗೇ ಗೊತ್ತಾಗಿರ್ತಿತ್ತೇನೋ, ಮೂರರಲ್ಲಿ ಒಂದು ಹೋದ್ರೆ ತಗ್ಗಲ್ಲಿರೋ ನಾಲ್ಕು ಮನೆಯವ್ರೇ ಹೇಳ್ಬೇಕು.

ಗೊತ್ತಿರ್ಬೇಕಾದ್ದು ಇನ್ನೊಂದೆರಡು ಇದೆ. ಲೊಕೇಶನ್ ಪರ್ಮಿಶನ್ ಕೊಡ್ಲೇಬೇಕು, ಆಂಡ್ರಾಯ್ಡಲ್ಲಿ ಸೆಲ್ ಐಡಿ ಓದೋಕೆ ಅದು ಬೇಕು, ಯಾಕಂದ್ರೆ ಸೆಲ್ ಗೊತ್ತಾದ್ರೆ ನೀವೆಲ್ಲಿದೀರಿ ಅಂತ ಹೆಚ್ಚುಕಮ್ಮಿ ಗೊತ್ತಾದ ಹಾಗೇನೇ. ನನ್ನ ಹಳೇ ಫೋನಲ್ಲಿ ಟಿಎ ಬರ್ತಾನೇ ಇರ್ಲಿಲ್ಲ, ಅದು ಫೋನ್ ಕೊಟ್ರೆ ಮಾತ್ರ ಬರುತ್ತೆ, ಆಪ್ ಏನೂ ಮಾಡಕ್ಕಾಗಲ್ಲ. ಐಫೋನ್ ಇರೋರು *3001#12345#* ಹಾಕಿ ಕಾಲ್ ಒತ್ತಿದ್ರೆ ಫೀಲ್ಡ್ ಟೆಸ್ಟ್ ಅಂತ ಒಂದು ಸ್ಕ್ರೀನ್ ಬರುತ್ತೆ, ಅದರಲ್ಲೂ ಒಂದಷ್ಟು ವಿವರ ಸಿಗುತ್ತೆ.

ನನ್ನ ಕಡೆಯಿಂದ ಐದಕ್ಕೆ ಐದು. ಮೇಜು ಈಗ ಅಟ್ಟದ ಮೇಲೆ ಪೂರ್ವದ ಕಿಟಕಿ ಹತ್ರ ಇದೆ, ಅಲ್ಲಿ ಆರ್‌ಎಸ್‌ಆರ್‌ಪಿ -97, ಕೆಳಗೆ ಜಗಲಿಯಲ್ಲಿ -112.